ಸೈಕಲ್ ಮೇಲೆ ಗುಮಟೆ, ಗುಮಟೆ ಮೇಲೆ ಸುಳ್ಳು

ರೊಜಾರಿಯೊ ಸಿದ್ದಿಯ ಎಡಗಾಲಿನ ಮೀನಖಂಡದ ಮೇಲೆ ಕರಡಿಯ ಉಗುರಿನ ಗುರುತಿದೆ. ಅದನ್ನು ಅವನು ಯಾರಿಗೂ ತೋರಿಸುವುದಿಲ್ಲ. ಲುಂಗಿ ಎತ್ತಿ ಕಟ್ಟಿದಾಗ ತಾನಾಗಿಯೇ ಕಾಣುತ್ತದೆ. ಜೋಯಿಡಾ ಸೀಮೆಯ ಕಾಡಿನಲ್ಲೇ ಹುಟ್ಟಿ, ಅಲ್ಲೇ ಕೂದಲು ನರೆಸಿಕೊಂಡವನಿಗೆ ಕರಡಿ ಅಂಥ ದೊಡ್ಡ ಸುದ್ದಿಯಲ್ಲ. ಅವನು ಹೆದರುವುದು ರಸ್ತೆಗೆ. ಅದಕ್ಕಿಂತ ಹೆಚ್ಚಾಗಿ, ರಸ್ತೆಯಲ್ಲಿ ಕೈ ಅಡ್ಡ ಹಿಡಿದು ನಿಲ್ಲಿಸುವವರಿಗೆ.

ಕಳೆದ ಜನವರಿಯ ಒಂದು ಬೆಳಿಗ್ಗೆ ಅವನು ಸೈಕಲ್ಲಿನ ಕ್ಯಾರಿಯರಿಗೆ ತನ್ನ ಅಪ್ಪನ ಗುಮಟೆಯನ್ನು ಕಟ್ಟುತ್ತಿದ್ದಾಗ ಕೈ ನಡುಗುತ್ತಿತ್ತು. ಚಳಿಗೆ ಎಂದು ತನಗೆ ತಾನೇ ಹೇಳಿಕೊಂಡ.

ಗುಮಟೆ ಅಂದರೆ ಮಣ್ಣಿನ ಗಡಿಗೆ. ಎರಡು ಬಾಯಿ. ಅಗಲ ಬಾಯಿಗೆ ಚರ್ಮ ಬಿಗಿದಿರುತ್ತದೆ, ಸಣ್ಣ ಬಾಯಿ ತೆರೆದೇ ಇರುತ್ತದೆ. ಬಲಗೈ ಚರ್ಮವನ್ನು ಬಡಿಯುತ್ತದೆ. ಎಡಗೈ ಸಣ್ಣ ಬಾಯಿಯನ್ನು ಮುಚ್ಚುತ್ತ ತೆರೆಯುತ್ತ ಗಡಿಗೆಯ ಉಸಿರನ್ನು ಹಿಡಿದು ಬಿಡುತ್ತದೆ. ಮರದ ಡೋಲು ಬಿದ್ದರೆ ಎತ್ತಿಕೊಳ್ಳಬಹುದು. ಗುಮಟೆ ಬಿದ್ದರೆ ಗುಡಿಸಿಕೊಳ್ಳಬೇಕು, ಅಷ್ಟೇ. ಇನ್ನು ಇದು ಸೂಪಾದ ಮಣ್ಣು. ಹಳೆಯ ಸೂಪಾದ ಹೊಳೆದಂಡೆಯ ಮಣ್ಣನ್ನು ತುಳಿದು ಒಬ್ಬ ಕುಂಬಾರ ಮಾಡಿಕೊಟ್ಟದ್ದು. ಆ ಕುಂಬಾರನೂ ಇಲ್ಲ, ಆ ದಂಡೆಯೂ ಇಲ್ಲ. ಎರಡರ ಮೇಲೂ ಈಗ ಅಣೆಕಟ್ಟಿನ ನೀರಿದೆ, ನೀರಿನ ಮೇಲೆ ಫೋಟೋ ತೆಗೆಸಿಕೊಳ್ಳುವವರಿದ್ದಾರೆ. ನೀರು ಏರಿದಾಗ ರೊಜಾರಿಯೊನ ಅಪ್ಪ ಕೋಳಿಗಳನ್ನು ಬಿಟ್ಟು ಗುಮಟೆಯನ್ನು ಹೊತ್ತು ಬಂದ. ಅದಕ್ಕಾಗಿ ರೊಜಾರಿಯೊನ ಅವ್ವ ಸಾಯುವವರೆಗೂ ಗಂಡನನ್ನು ಬೈದಳು.

ಅದನ್ನು ಈಗ ಹಳಿಯಾಳದ ಆಚೆ, ಮುಂಡಗೋಡ ರಸ್ತೆಯ ಒಂದು ಹಳ್ಳಿಗೆ ಮುಟ್ಟಿಸಬೇಕಿತ್ತು. ಅಲ್ಲಿ ಅವನ ತಂಗಿ ಕಾತರಿನಾಳ ಮಗಳ ಮದುವೆ. ಮದುವೆಯ ಹಿಂದಿನ ಸಂಜೆ ರೋಸ್, ಅಂದರೆ ಹುಡುಗಿಗೆ ತೆಂಗಿನ ಹಾಲೆರೆಯುವ ಶಾಸ್ತ್ರ. ಈ ಮನೆಗಳಲ್ಲಿ ಒಂದು ಕಟ್ಟಳೆಯಿದೆ: ಹಾಲಿನ ಮೊದಲ ಹನಿ ತಲೆಗೆ ಬೀಳುವ ಮುಂಚೆ ಹುಡುಗಿಯ ಸೋದರಮಾವ ತನ್ನ ಮನೆಯ ಗುಮಟೆಯನ್ನು ಬಡಿಯಬೇಕು. ಅವನು ಬಡಿಯದಿದ್ದರೆ ಗಂಡಿನ ಕಡೆಯ ಗುಮಟೆ ಶುರುವಾಗುತ್ತದೆ. ಹಾಗಾದರೆ ಆ ಹುಡುಗಿ ಮುಪ್ಪಾಗುವವರೆಗೂ ಒಂದು ಮಾತು ಕೇಳುತ್ತಿರಬೇಕು: ಇವಳ ಅವ್ವನಿಗೆ ತವರೇ ಇರಲಿಲ್ಲ.

ಕಾತರಿನಾ ಫೋನಿನಲ್ಲಿ ಸುಮ್ಮನೆ ಹೇಳಿರಲಿಲ್ಲ, ಬೆದರಿಸಿದ್ದಳು. "ದಾದಾ, ಗುಮಟಿ ತಂದ್ರ ಬಾ. ಇಲ್ಲಾಂದ್ರ ನೀನೂ ಬರಬ್ಯಾಡ."

ಬಸ್ಸಿನಲ್ಲಿ ಒಯ್ಯಬಹುದಿತ್ತಲ್ಲ ಎಂದು ಓದುಗರು ಕೇಳಬಹುದು. ಒಯ್ದಿದ್ದರು, ಹಿಂದೊಮ್ಮೆ. ಆಗ ಕಾತರಿನಾಳ ಮನೆಗೂ ಒಂದು ಗುಮಟೆ ಇತ್ತು. ಮಡಿಲಲ್ಲಿ ಇಟ್ಟುಕೊಳ್ಳುತ್ತೇನೆ ಎಂದು ಅವಳ ಗಂಡ ಕೈ ಮುಗಿದರೂ ಕಂಡಕ್ಟರ್ ಕೇಳಲಿಲ್ಲ. "ಗಡಿಗಿಗೆ ಸೀಟ್ ಎಲ್ಲೈತೋ, ಹಿಂದ ಒಗಿ" ಅಂದ. ಹಿಂದೆ ಯಾರದೋ ಸಿಮೆಂಟ್ ಚೀಲ ಜಾರಿತು. ಊರಲ್ಲಿ ಇಳಿದಾಗ ಗಂಡನ ಕೈಯಲ್ಲಿ ಚರ್ಮವಿತ್ತು, ಚರ್ಮದ ಅಂಚಿಗೆ ನಾಲ್ಕು ಚೂರು ಮಣ್ಣು ಅಂಟಿಕೊಂಡಿತ್ತು. ಅದಕ್ಕೇ ಈ ಸಲ ರೊಜಾರಿಯೊ ಹೆಂಡತಿಯನ್ನು ಮೊದಲೇ ಬಸ್ಸಿಗೆ ಹತ್ತಿಸಿ, ತಾನು ಸೈಕಲ್ ತೆಗೆದ. ಸೈಕಲ್ ನಾವು ಹೇಳಿದಲ್ಲಿ ನಿಲ್ಲುತ್ತದೆ.

ಹೆಂಡತಿ ಹಳೆಯ ಸೀರೆಗಳನ್ನು ಒಂದರ ಮೇಲೊಂದು ಹೊಲಿದು ಮಾಡಿದ ದಪ್ಪ ಕೌದಿ ಇತ್ತು. ಗುಮಟೆಯನ್ನು ಅದರಲ್ಲಿ ಸುತ್ತಿದ. ಹಳೆಯ ಟ್ಯೂಬನ್ನು ಉದ್ದುದ್ದ ಸೀಳಿ, ಕ್ಯಾರಿಯರಿನ ಮೇಲೆ ತೊಟ್ಟಿಲಿನಂತೆ ಕಟ್ಟಿ, ಗಂಟು ಕಬ್ಬಿಣಕ್ಕೆ ತಾಗದೆ ತೂಗುವ ಹಾಗೆ ಮಾಡಿದ. ಗಡಿಗೆಯ ಒಳಗೆ ಮಾತ್ರ ಏನನ್ನೂ ತುರುಕಲಿಲ್ಲ. ಹೊಟ್ಟೆ ಖಾಲಿ ಇದ್ದರೇ ಗಡಿಗೆ ನಿಜ ಹೇಳುತ್ತದೆ. ದಾರಿಯಲ್ಲಿ ಆಗಾಗ ಇಳಿದು, ಕೌದಿಯ ಸಂದಿಯಲ್ಲಿ ಬೆರಳಿಟ್ಟು ತಟ್ಟಿದರೆ ಠಣ್ ಅನ್ನಬೇಕು. ಬಿರುಕು ಬಿಟ್ಟರೆ ಒಡಕು ತಂಬಿಗೆಯ ದನಿ.

ಇಷ್ಟೇ ಆಗಿದ್ದರೆ ಇದು ಗುಂಡಿ ತಪ್ಪಿಸುವ ಕಥೆ ಆಗುತ್ತಿತ್ತು. ಆದರೆ ಆ ಗುಮಟೆಯ ಮೇಲೊಂದು ಸುಳ್ಳು ಕೂತಿತ್ತು.

ಹಿಂದಿನ ಕಾಲದ ಗುಮಟೆಗೆಲ್ಲ ಉಡದ ಚರ್ಮವೇ. ಈಗ ಉಡವನ್ನು ಮುಟ್ಟಿದರೆ ಜೈಲು. ಕಾನೂನಿನಲ್ಲಿ ಅದು ಹುಲಿಯ ಸಾಲಿನ ಪ್ರಾಣಿ. ಇದು ಸರಿಯಾದ ಕಾನೂನೇ. ಅಪ್ಪನ ಕಾಲದ ಚರ್ಮ ಹರಿದಾಗ ರೊಜಾರಿಯೊ ಹಳಿಯಾಳದ ಸಂತೆಯಿಂದ ಆಡಿನ ಚರ್ಮ ತಂದು ಬಿಗಿದ. ಉಡಕ್ಕೆ ಕೈ ಹಾಕಲಿಲ್ಲ, ನ್ಯಾಯವಾಗಿ ನಡೆದುಕೊಂಡ. ಆದರೆ ಗುಮಟೆಯವರ ನಡುವೆ ಆಡಿನ ಚರ್ಮ ಅಂದರೆ ನಗೆಪಾಟಲು. "ಆಡಿನ ಗುಮಟಿ ಬಡದ್ರ ಮ್ಯಾ ಅಂತೈತಿ" ಎಂದು ಮದುವೆ ಮನೆಯಲ್ಲಿ ಹಾಡು ಕಟ್ಟುತ್ತಾರೆ. ಆ ಹಾಡಿಗೆ ಹೆದರಿ ಅವನು ಒಂದು ಕೆಲಸ ಮಾಡಿದ. ಚರ್ಮ ಹಸಿಯಿದ್ದಾಗಲೇ ಅದರ ಮೇಲೆ ಹಿಟ್ಟಿನ ಜರಡಿಯ ತಂತಿಬಲೆ ಒತ್ತಿ ಕಟ್ಟಿಟ್ಟ. ಒಣಗಿದ ಮೇಲೆ ತೆಗೆದರೆ ಉಡದ ಮೈಯಂತೆ ಹರಳು ಹರಳು. ದೀಪದ ಮಸಿಯನ್ನು ಗಂಜಿಯಲ್ಲಿ ಕಲಸಿ ಸವರಿದ. ನೋಡಿದವರು ಉಡ ಎಂದರು. ಅವನೂ ಉಡ ಎಂದ. ವರ್ಷಗಳು ಕಳೆದವು.

ಗಣೇಶಗುಡಿಯ ಹೋಮ್‌ಸ್ಟೇಗಳಲ್ಲಿ ಬೆಂಕಿ ಹಾಕಿ, ಪ್ರವಾಸಿಗರ ಮುಂದೆ ಸಿದ್ದಿಗಳನ್ನು ಕುಣಿಸುವುದು ಒಂದು ಕಸುಬಾಗಿದೆ. ದಿನವಿಡೀ ರಸ್ತೆಯಲ್ಲಿ ಕಂಡರೆ ಯಾರೂ ಮಾತಾಡಿಸದ ಮನುಷ್ಯನಿಗೆ ಸಂಜೆ ಎಲೆಯ ಲಂಗ ಉಡಿಸಿ 'ಆಫ್ರಿಕನ್ ಡ್ಯಾನ್ಸ್' ಅನ್ನುತ್ತಾರೆ. ನಾನೂರು ವರ್ಷ ಈ ಮಣ್ಣಲ್ಲಿ ಇದ್ದರೂ ಇವರು ನಮಗೆ ಇನ್ನೂ ಆಫ್ರಿಕಾದವರು. ನಾವು ಮಾತ್ರ ಇಲ್ಲಿಯವರು. ಅಂಥದೊಂದು ಸಂಜೆ ಒಬ್ಬಾಕೆ ಫೋನ್ ಹಿಡಿದು ಇದು ಯಾವ ಚರ್ಮ ಎಂದು ಕೇಳಿದಳು. ರೊಜಾರಿಯೊ ಎದೆಯುಬ್ಬಿಸಿ, "ಉಡದ್ದು ರೀ! ಅಸಲಿ!" ಅಂದ.

ಮಳೆಗಾಲ ಮುಗಿದ ಮೇಲೆ, ರಾಫ್ಟಿಂಗ್ ಬೋಟು ನಡೆಸುವ ಹುಡುಗನೊಬ್ಬ ಫೋನ್ ತಂದು ಅವನ ಮುಖದ ಮುಂದೆ ಹಿಡಿದ. "ಮಾಮಾ, ಫೇಮಸ್ ಆದಿ ನೋಡು." ಪರದೆಯ ಮೇಲೆ ರೊಜಾರಿಯೊನ ಮುಖ, ಕೆಳಗೆ ಉಡದ ಚಿತ್ರ, ಅದರ ಕೆಳಗೆ ಸಾವಿರ ಜನರ ಬೈಗುಳ. ಇಂಥವರನ್ನು ಒಳಗೆ ಹಾಕಬೇಕು ಎಂದು ಎಲ್ಲೋ ಕೂತವರು ಬರೆದಿದ್ದರು. ಅಂದಿನಿಂದ ಗುಮಟೆ ಅಟ್ಟದಿಂದ ಇಳಿದಿರಲಿಲ್ಲ. ಅಂದಿನಿಂದ ಜೀಪಿನ ಸದ್ದು ಕೇಳಿದರೆ ರೊಜಾರಿಯೊ ಹಿತ್ತಿಲಿಗೆ ಹೋಗಿ ನಿಲ್ಲುತ್ತಿದ್ದ.

ಈಗ ಅದೇ ಗುಮಟೆಯನ್ನು ಕಟ್ಟಿಕೊಂಡು ಹಗಲಿನಲ್ಲೇ, ಅರಣ್ಯ ಇಲಾಖೆಯ ತಪಾಸಣೆ ನಾಕಾ ದಾಟಿ ಹೋಗಬೇಕು.

ಗಣೇಶಗುಡಿಯ ಇಳಿಜಾರಿನಲ್ಲಿ ಅವನು ಸೈಕಲ್ ಹತ್ತಲೇ ಇಲ್ಲ. ಎರಡೂ ಬ್ರೇಕ್ ಹಿಡಿದು, ಮಂಜಿನಲ್ಲಿ, ಕರುವನ್ನು ನಡೆಸಿಕೊಂಡು ಹೋದ ಹಾಗೆ ನಡೆಸಿಕೊಂಡು ಇಳಿದ. ಬೋಟುಗಳನ್ನು ತಲೆಯ ಮೇಲೆ ಹೊತ್ತ ವಾಹನವೊಂದು ಬೆನ್ನಿಗೇ ಹಾರ್ನ್ ಹೊಡೆದಾಗ ಚರಂಡಿಗೆ ಇಳಿದು, ಸೈಕಲ್ಲನ್ನು ಮೈಗೆ ಒರಗಿಸಿಕೊಂಡು ನಿಂತ. ಒಳಗಿನಿಂದ ಯಾರೋ "ಹೇ ಆಫ್ರಿಕಾ!" ಎಂದು ಕೂಗಿ ಕೈ ಬೀಸಿದರು. ಇವನೂ ಕೈ ಬೀಸಿದ. ಬೀಸದಿದ್ದರೆ ನಿಲ್ಲಿಸುತ್ತಾರೇನೋ ಎಂಬ ಹೆದರಿಕೆ. ವಾಹನ ಹೋದ ಮೇಲೆ ಕೌದಿಯೊಳಗೆ ಬೆರಳಿಟ್ಟು ತಟ್ಟಿದ. ಠಣ್. ಸ್ವಲ್ಪ ದೂರ ಹೋಗಿ ಮತ್ತೆ ತಟ್ಟಿದ. ಸೇತುವೆ ದಾಟಿ ಮತ್ತೆ. ತಟ್ಟಿ ತಟ್ಟಿಯೇ ಒಡೆದು ಬಿಟ್ಟೇನೋ ಎಂಬ ಇನ್ನೊಂದು ಭಯ ಹುಟ್ಟುವವರೆಗೆ ತಟ್ಟಿದ.

ದಾಂಡೇಲಿ ಇನ್ನೂ ದೂರವಿದ್ದಾಗ ಕಾಡಿನ ನಡುವೆ ನಾಕಾ. ಅಡ್ಡ ಬಿದಿರು, ಪಕ್ಕದಲ್ಲಿ ತಗಡಿನ ಕೋಣೆ. ಕೋಣೆಯ ಹಿಂದೆ ಜಪ್ತಿ ಮಾಡಿದ ಸಾಮಾನಿನ ಗುಡ್ಡೆ: ಹಿಡಿ ಕಳಚಿದ ಕೊಡಲಿಗಳು, ಬಳ್ಳಿ ಹಬ್ಬಿದ ಸೈಕಲ್, ಜೇನಿನ ಡಬ್ಬಿ, ತುಕ್ಕು. ಅಲ್ಲಿ ಹೋದದ್ದು ವಾಪಸ್ ಬಂದದ್ದನ್ನು ಆ ದಾರಿಯವರು ಯಾರೂ ಕಂಡಿಲ್ಲ. ಕಾವಲಿಗಿದ್ದವನು ರುದ್ರೇಶ, ದಿನಗೂಲಿ ವಾಚರ್, ದಾಂಡೇಲಿಯ ಮಿಲ್ ಕಾರ್ಮಿಕನ ಮಗ. ರೊಜಾರಿಯೊನ ಮಗನ ವಯಸ್ಸು. ಆದರೂ ಮಾತು ಏಕವಚನದಲ್ಲಿ. ಸಿದ್ದಿಗೆ ಬಹುವಚನ ಕೊಟ್ಟರೆ ನಮ್ಮ ನಾಲಿಗೆ ಸವೆಯುತ್ತದೆ ನೋಡಿ.

"ಏಯ್, ನಿಲ್ಲು. ಏನದು ಗಂಟು?"

"ಕೌದಿ ಐತ್ರಿ ಸಾಹೇಬ್ರ."

"ಕೌದಿಗೆ ಬಸುರು ಬಂದೈತೇನು? ಬಿಚ್ಚು."

"ಒಳಗ ಗುಮಟಿ ಐತ್ರಿ. ಮಣ್ಣಿಂದು, ಒಡಿತೈತಿ. ತಂಗಿ ಮಗಳ ಮದವಿ, ಇವತ್ತ ಸಂಜಿಗೆ ರೋಸ್…"

ಗುಮಟೆ ಎಂಬ ಮಾತಿಗೆ ರುದ್ರೇಶ ತಲೆಯೆತ್ತಿದ. ಜೇಬಿನಿಂದ ಫೋನ್ ತೆಗೆದು ಬೆರಳಾಡಿಸಿದ, ಪರದೆ ನೋಡಿದ, ರೊಜಾರಿಯೊನ ಮುಖ ನೋಡಿದ. ಫೋನಿನೊಳಗಿಂದ ರೊಜಾರಿಯೊನ ದನಿಯೇ ಕಾಡಿಗೆಲ್ಲ ಕೇಳುವಂತೆ ಕೂಗಿತು: "ಉಡದ್ದು ರೀ! ಅಸಲಿ!"

"ನೀನ ಅಲ್ಲೇನು ಇವ?"

ಸೈಕಲ್ ಬಿಟ್ಟರೆ ಗುಮಟೆ ಬೀಳುತ್ತದೆ ಎಂಬ ಒಂದೇ ಕಾರಣಕ್ಕೆ ರೊಜಾರಿಯೊ ಓಡಲಿಲ್ಲ.

"ಹೌದ್ರಿ. ಆದ್ರ ಅದು ಸುಳ್ಳ ಹೇಳಿದ್ದು ರೀ. ಇದು ಆಡಿಂದು."

"ಫೋನಿನ್ಯಾಗ ಉಡ, ನಾಕಾದಾಗ ಆಡು. ಮಸ್ತ್ ಐತಿ ಮಗನ ನಿಂದು. ಬಿಚ್ಚು ಅಂದ್ನೆಲ್ಲ?"

ಬಿಚ್ಚಿದ. ರುದ್ರೇಶ ಹೆಬ್ಬೆರಳನ್ನು ಚರ್ಮದ ಮೇಲೆ ಎಳೆದ. ಹರಳು ಹರಳು ಕೈಗೆ ಹತ್ತಿತು. "ಇದೇನು? ಆಡಿಗೆ ಹುರುಪಿ ಬರ್ತಾವೇನು?"

"ಜರಡಿ ಒತ್ತಿದ್ದು ರೀ. ನಾನ ಮಾಡಿದ್ದು."

"ಯಾಕ?"

ಇದಕ್ಕೆ ಅವನು ಏನು ಹೇಳಬೇಕಿತ್ತು? ಮದುವೆ ಮನೆಯ ಹಾಡಿಗೆ ಹೆದರಿದೆ ಎಂದೇ? ಹೇಳಿದರೆ ಯಾವ ಪಂಚನಾಮೆಯಲ್ಲಿ ಬರೆದುಕೊಳ್ಳುತ್ತಾರೆ?

ರುದ್ರೇಶ ಕೆಟ್ಟವನಲ್ಲ. ಅವನೂ ಹೆದರಿದ್ದ. "ನೋಡು, ನಾನೂ ದಿನಗೂಲಿ ಮನಷ್ಯಾ. ಈ ವಿಡಿಯೋ ಸಾಹೇಬ್ರೇ ಗ್ರೂಪಿಗೆ ಹಾಕ್ಯಾರ. ನಿನ್ನ ಬಿಟ್ಟೆ ಅಂತ ಗೊತ್ತಾದ್ರ ನಾಳೆ ನನ್ನ ಮನಿಗೆ ಕಳಸ್ತಾರ. ಜೀಪ್ ಕರಸ್ತೇನಿ. ನೀನೂ ಗುಮಟಿನೂ ಹೋಗ್ರಿ. ಚರ್ಮದ್ದೊಂದ್ ತುಂಡ ಕೊಯ್ದು ಲ್ಯಾಬಿಗೆ ಕಳಸ್ತಾರ. ಆಡು ಅಂತ ಬಂದ್ರ ನಿನ್ನ ಗಡಿಗಿ ನಿನಗ."

"ಯಾವಾಗ ಬರತೈತ್ರಿ?"

"ನನಗೇನ್ ಗೊತ್ತು? ಹ್ವಾದ ವರ್ಷ ಒಂದ ಜಿಂಕಿ ಕೊಂಬು ಹೋಗೈತಿ, ಇನ್ನೂ ಬರಾಕತ್ತೈತಿ."

ರೊಜಾರಿಯೊ ಕೋಣೆಯ ಹಿಂದಿನ ಗುಡ್ಡೆಯನ್ನು ನೋಡಿದ. ಬಳ್ಳಿ ಹಬ್ಬಿದ ಸೈಕಲ್ಲಿನ ಪಕ್ಕ ಸೂಪಾದ ಮಣ್ಣು ಕೂತಿರುವುದು ಕಣ್ಣಿಗೆ ಕಟ್ಟಿತು. ಮಳೆಗಾಲ ಬರುತ್ತದೆ. ಯಾರೋ ಒಂದು ಕೊಡಲಿಯನ್ನು ಅದರ ಮೇಲೆ ಒಗೆಯುತ್ತಾರೆ.

"ಸಾಹೇಬ್ರ, ಜೀಪ್ ಕರಿಯೂಕಿಂತ ಮೊದಲ ಸ್ವಲ್ಪ ನೀರ್ ಕೊಡ್ರಿ."

"ಬಾಯಾರಿತೇನು?"

"ನನಗಲ್ರಿ. ಇದಕ್ಕ."

ಗುಮಟೆ ನುಡಿಸುವವನು ಚರ್ಮಕ್ಕೆ ಮಂಜು ತಾಗಿದರೂ ಸಿಡಿಮಿಡಿಗೊಳ್ಳುತ್ತಾನೆ. ನೀರು ಬಿದ್ದರೆ ಚರ್ಮ ಸಡಿಲಾಗುತ್ತದೆ, ದನಿ ಸಾಯುತ್ತದೆ. ನೆರಳಿನಲ್ಲಿ ಒಣಗಿದರೆ ಎರಡು ದಿನ. ಸಂಜೆಗೆ ರೋಸ್ ಇದೆ. ಇದೆಲ್ಲ ಗೊತ್ತಿದ್ದೂ ಅವನು ರುದ್ರೇಶನ ಬಾಟಲಿಯ ನೀರನ್ನು ಅಂಗೈಗೆ ಸುರಿದುಕೊಂಡು ತಾನೇ ಚರ್ಮಕ್ಕೆ ಸವರಿದ. ಮಸಿ ಕರಗಿ ಬೆರಳುಗಳ ನಡುವೆ ಕಪ್ಪಾಗಿ ಇಳಿಯಿತು. ಇನ್ನಷ್ಟು ಸುರಿದ, ಅಂಗಿಯ ತುದಿಯಿಂದ ಉಜ್ಜಿದ. ಜರಡಿಯ ಹರಳು ಒಂದೊಂದಾಗಿ ಮುಳುಗಿದವು. ಕೆಳಗಿನಿಂದ ಬಿಳಿ ಚರ್ಮ ಮೇಲೆ ಬಂತು. ಚರ್ಮ ಬಿಗಿದ ಹಗ್ಗದ ಅಂಚಿನಲ್ಲಿ, ಹಿಂದೆ ಬೋಳಿಸುವಾಗ ತಪ್ಪಿಸಿಕೊಂಡು ಮಸಿಯಡಿ ಅಡಗಿದ್ದ ನಾಲ್ಕಾರು ಕೆಂಚು ಕೂದಲು ನೀರಿಗೆ ಎದ್ದು ನಿಂತವು.

"ಉಡಕ್ಕ ಕೂದಲಾ ಎಲ್ಲಿ ಬರತಾವ್ರಿ ಸಾಹೇಬ್ರ?"

ರುದ್ರೇಶ ಬಗ್ಗಿ ನೋಡಿದ. ಆಮೇಲೆ ಬಿದಿರಿನ ಮೇಲೆ ಕೈಯಿಟ್ಟು ನಗತೊಡಗಿದ. ಬಹಳ ಹೊತ್ತು ನಕ್ಕ. ತನ್ನ ನೌಕರಿ ಉಳಿದ ಸಂತೋಷವೂ ಅದರಲ್ಲಿತ್ತು. "ಏ ಮುದುಕಾ, ಆಡಿಗೆ ಉಡದ ಅಂಗಿ ಹೊಲಿಸಿದ್ಯಲ್ಲೋ! ನಿಲ್ಲು, ಹಿಂಗ ಬಿಟ್ರ ನಡಿಯಂಗಿಲ್ಲ. ಫೋನಿಗೆ ಹೇಳು. ಸಾಹೇಬ್ರಿಗೆ ಕಳಸ್ತೇನಿ."

ಕೂದಲನ್ನು ಹತ್ತಿರದಿಂದ ತೋರಿಸಿ, ಆಮೇಲೆ ಮುಖಕ್ಕೆ ಹಿಡಿದ. ರೊಜಾರಿಯೊ ಹೇಳಿದ: "ಇದು ಆಡಿಂದು. ಉಡ ಅಲ್ಲ. ನಾ ಸುಳ್ಳ ಹೇಳಿದ್ದೆ."

"ಜೋರಾಗಿ ಹೇಳು."

ಜೋರಾಗಿ ಹೇಳಿದ. ಬಿದಿರು ಮೇಲೆದ್ದಿತು.

ದಾಂಡೇಲಿ ಮುಟ್ಟುವ ಹೊತ್ತಿಗೆ ಮಂಜು ಹೋಗಿ ಬಿಸಿಲು ಬಲಿತಿತ್ತು. ಮಿಲ್ಲಿನ ಕಡೆಯ ರಸ್ತೆಯಲ್ಲಿ ಶಮಶುದ್ದೀನನ ಸೈಕಲ್ ಅಂಗಡಿ. ರೊಜಾರಿಯೊ ಕಟ್ಟಿಗೆ ಕಡಿಯುವ ಕೆಲಸಕ್ಕೆ ದಾಂಡೇಲಿಗೆ ಬರುತ್ತಿದ್ದ ಕಾಲದಿಂದ ಇಬ್ಬರೂ ದೋಸ್ತಿ. ಒಬ್ಬರನ್ನೊಬ್ಬರು ಬೈಯದೆ ಮಾತು ಶುರು ಮಾಡಿದವರಲ್ಲ. ಅವತ್ತು ರೊಜಾರಿಯೊ ಬೈಯಲಿಲ್ಲ. ಕೌದಿ ಬಿಚ್ಚಿ ಗುಮಟೆಯನ್ನು ತೋರಿಸಿದ. ಶಮಶುದ್ದೀನ ಗ್ರೀಸಿನ ಕೈ ಒರೆಸಿಕೊಂಡು ಬೆರಳಿನಿಂದ ಚರ್ಮವನ್ನು ಮೀಟಿದ. ಥಪ್. ಒದ್ದೆ ಬಟ್ಟೆಯ ಸದ್ದು.

"ಯಾ ಅಲ್ಲಾ. ಇದು ಗುಮಟಿ ಅಲ್ಲೋ ರೋಜಾ ಭಾಯಿ, ಹಪ್ಪಳ. ಗಾಳಿ ಹೊಡೀಲೇನು? ನಲವತ್ತ ಪೌಂಡ್ ಸಾಕೇನು?"

"ಗಾಳಿ ನಿನ್ನ ತಲಿಗೆ ಹೊಡ್ಕೋ."

"ಹಾಂ, ಈಗ ದೋಸ್ತ ಆದಿ. ಸ್ಟೋವ್ ಹಚ್ಚೂಣೇನು?"

"ಬ್ಯಾಡೋ. ಹಸಿ ಚರ್ಮ ಬೆಂಕಿಗೆ ಒಮ್ಮೆಲೇ ಬಿಗದ್ರ ಗಡಿಗಿ ಬಾಯಿನ ಸೀಳತೈತಿ. ಬಿಸಲಾಗ ಸಾವಕಾಶ ಒಣಗಬೇಕು."

"ಹಂಗಾರ ಇಲ್ಲೇ ಅಂಗಡಿ ಮುಂದ ಇಡು. ನಾಳೆ ಹೋಗಿಯಂತ."

"ಸಂಜಿಗೆ ಹಾಲೆರಿತಾರ."

ಶಮಶುದ್ದೀನ ರಸ್ತೆ ನೋಡಿದ, ಆಕಾಶ ನೋಡಿದ. ಹಳಿಯಾಳದ ಕಡೆ ಹೋಗುವವನಿಗೆ ಮಧ್ಯಾಹ್ನದ ಬಿಸಿಲು ಬೆನ್ನಿಗೆ ಬೀಳುತ್ತದೆ. "ಕೌದಿ ಸುತ್ತಬ್ಯಾಡ. ಬೆನ್ನಿಗೆ ಕಟ್ಟಿಕೋ, ಚರ್ಮ ಹಿಂದಕ್ಕ ಮಾಡಿ. ನಮ್ಮ ಮನ್ಯಾಕಿ ಹಬೀಬಾ ಮಗನ್ನ ಕಟ್ಟಿಕೊಂಡು ಬೀಡಿ ಎಲಿ ತರತಿದ್ಲಲ್ಲ, ಹಂಗ. ದಾರ್ಯಾಗ ತಾನ ಒಣಗತೈತಿ."

ಮಾತು ಸರಿ. ಆದರೆ ಇಷ್ಟು ದೂರ ಕೌದಿಯ ಹೊಟ್ಟೆಯಲ್ಲಿ ಬಂದ ಗಡಿಗೆಯನ್ನು ಈಗ ಬರಿ ಮೈಯಲ್ಲಿ ಒಯ್ಯಬೇಕು. ಅದೂ ತನ್ನ ಕಣ್ಣಿಗೆ ಕಾಣದ ಜಾಗದಲ್ಲಿ. ಇಬ್ಬರೂ ಸೇರಿ ಕೌದಿಯನ್ನು ಮಡಿಸಿ ಬೆನ್ನಿಗೂ ಗಡಿಗೆಗೂ ನಡುವೆ ಇಟ್ಟರು, ಹೊಸ ಟ್ಯೂಬು ಸೀಳಿ ಎದೆಯ ಮೇಲೆ ಅಡ್ಡಡ್ಡ ಬಿಗಿದರು. ಶಮಶುದ್ದೀನ ಎರಡು ಸಲ ಜಗ್ಗಿ ನೋಡಿದ.

"ಬೀಳಂಗಿದ್ರ ಮಕಾಡೆ ಬೀಳು," ಎಂದ. "ಮೂಗು ಹ್ವಾದ್ರ ಹೋಗಲಿ. ಮದಲ ಏನ್ ಭಾರಿ ಚೆಂದ ಇತ್ತು ಅದು."

ದಾಂಡೇಲಿ ದಾಟಿದರೆ ಕಾಡು ತೆಳುವಾಗಿ ಗದ್ದೆ, ಗದ್ದೆಯ ಆಚೆ ಕಬ್ಬು. ಜನವರಿ ಅಂದರೆ ಕಬ್ಬು ಕಡಿಯುವ ಕಾಲ. ಒಂದರ ಹಿಂದೆ ಒಂದು ಟ್ರೇಲರ್ ಸಿಕ್ಕಿಸಿಕೊಂಡ ಟ್ರ್ಯಾಕ್ಟರುಗಳು ಹಾಡು ಹಚ್ಚಿಕೊಂಡು ಕಾರ್ಖಾನೆಗೆ ಓಡುತ್ತವೆ. ಕಬ್ಬಿನ ತುದಿಗಳು ಎರಡೂ ಬದಿಗೆ ಮಾರುದ್ದ ಚಾಚಿರುತ್ತವೆ. ಆ ರಸ್ತೆಯಲ್ಲಿ ಸೈಕಲ್ಲಿನವನಿಗೆ ಪಾಲಿಲ್ಲ. ಡಾಂಬರಿನ ಅಂಚು ಒಂದು ಗೇಣು ಕಿತ್ತು ಕೆಳಗಿಳಿದಿದೆ, ಅದರಾಚೆ ಜಲ್ಲಿ. ಸತ್ತವರ ಹೆಸರಿನಲ್ಲಿ ಅಲ್ಲಲ್ಲಿ ಕಲ್ಲಿಗೆ ಹಾರ ಹಾಕಿರುತ್ತಾರೆ. ರಸ್ತೆ ಮಾಡಿದವರ ಹೆಸರಿಗೂ ಹಾರವಿದೆ. ಅದು ಬೇರೆ ಕಲ್ಲು, ಅಮೃತಶಿಲೆ.

ಬೆನ್ನ ಹಿಂದೆ ಏನು ಬರುತ್ತಿದೆ ಎಂದು ತಿರುಗಿ ನೋಡಲು ಅವನಿಗೆ ಆಗುತ್ತಿರಲಿಲ್ಲ. ತಿರುಗಿದರೆ ಗಡಿಗೆ ವಾಲುತ್ತದೆ. ಕಿವಿಯೇ ಕಣ್ಣಾಯಿತು. ಹಾಡು ದೂರದಲ್ಲಿ ಕೇಳಿದರೆ ಇಳಿದು ಅಂಚಿಗೆ ನಿಲ್ಲುವುದು, ಹಾಡು ದಾಟಿದ ಮೇಲೆ ಹತ್ತುವುದು. ಹೀಗೆ ಬಹಳ ದೂರ ಬಂದ. ಒಂದು ಟ್ರ್ಯಾಕ್ಟರ್ ಮಾತ್ರ ಹಾಡಿಲ್ಲದೆ ಬಂತು.

ಅವನಿಗೆ ಮೊದಲು ಗೊತ್ತಾದದ್ದು ಕಬ್ಬಿನ ವಾಸನೆ. ಆಮೇಲೆ ಭುಜಕ್ಕೆ ತಾಗಿದ ಗರಿ. ಹ್ಯಾಂಡಲ್ಲನ್ನು ಎಡಕ್ಕೆ ಎಳೆದ; ಮುಂದಿನ ಗಾಲಿ ಡಾಂಬರಿನಿಂದ ಜಲ್ಲಿಗೆ ಧುಮುಕಿ ಜಾರಿತು. ಬೀಳುವ ಆ ಕ್ಷಣದಲ್ಲಿ ಮನುಷ್ಯನ ಮೈ ತನ್ನಷ್ಟಕ್ಕೆ ಮಗ್ಗುಲಾಗುತ್ತದೆ, ಮುಖವನ್ನು ಉಳಿಸಿಕೊಳ್ಳಲು. ರೊಜಾರಿಯೊ ಆಗಲು ಬಿಡಲಿಲ್ಲ. ಎರಡೂ ಕೈ ಚಾಚಿ ಎದೆಯೂರಿ ಬಿದ್ದ. ಅಂಗೈ, ಗದ್ದ, ಮೊಣಕಾಲು ಜಲ್ಲಿಯಲ್ಲಿ ಉಜ್ಜಿಕೊಂಡು ಹೋದವು. ಎರಡನೆಯ ಟ್ರೇಲರ್ ತಲೆಯ ಪಕ್ಕದಲ್ಲೇ ದಡದಡ ದಾಟಿತು. ಅದರ ಗಾಲಿಯಿಂದ ಸಿಡಿದದ್ದೋ ಏನೋ, ಅವನ ಬೆನ್ನ ಮೇಲೆ ಒಂದು ಸದ್ದಾಯಿತು.

ಟಕ್.

ಟ್ರ್ಯಾಕ್ಟರ್ ನಿಲ್ಲಲಿಲ್ಲ. ರೊಜಾರಿಯೊ ಮಕಾಡೆ ಮಲಗಿಯೇ ಇದ್ದ. ಕಲ್ಲು ಗಡಿಗೆಗೆ ಬಡಿಯಿತೇ? ಕೌದಿಗೆ ಬಡಿಯಿತೇ? ಬೆಳಗಿನಿಂದ ನೂರು ಸಲ ತಟ್ಟಿ ನೋಡಿದವನ ಬೆರಳು ಈಗ ಬೆನ್ನ ಹಿಂದಕ್ಕೆ ಹೋಗಲಿಲ್ಲ. ತಟ್ಟಿದರೆ ಗೊತ್ತಾಗುತ್ತದೆ. ಗೊತ್ತಾದರೆ ಮುಂದೆ ಪೆಡಲ್ ತುಳಿಯುವುದು ಹೇಗೆ? ಎದ್ದು, ಸೊಟ್ಟಗಾದ ಹ್ಯಾಂಡಲ್ಲನ್ನು ಕಾಲ ಸಂದಿಯಲ್ಲಿ ಹಿಡಿದು ನೆಟ್ಟಗೆ ಮಾಡಿಕೊಂಡು ಹೊರಟ. ಹಳಿಯಾಳದ ಪೇಟೆ ದಾಟಿದ. ಮುಂಡಗೋಡ ರಸ್ತೆಗೆ ತಿರುಗಿದ. ತಟ್ಟಲಿಲ್ಲ. ಗುಂಡಿ ಬಂದಾಗಲೆಲ್ಲ ಬೆನ್ನಿನ ಮೇಲೆ ಚೂರುಗಳು ಕದಲುತ್ತಿವೆಯೇನೋ ಎಂದು ಹಲ್ಲು ಕಚ್ಚಿದ.

ಚಪ್ಪರದ ಮುಂದೆ ಇಳಿದಾಗ ಹೊತ್ತು ಇಳಿದಿತ್ತು. ಹುಡುಗಿಯನ್ನು ಹಲಗೆಯ ಮೇಲೆ ಕೂರಿಸಿಯಾಗಿತ್ತು. ತೆಂಗಿನ ಹಾಲಿನ ಬಟ್ಟಲು ಕಾತರಿನಾಳ ಕೈಯಲ್ಲಿತ್ತು, ಕಣ್ಣು ರಸ್ತೆಯ ಮೇಲಿತ್ತು. ಗಂಡಿನ ಕಡೆಯ ಹಿರಿಯ ಸಾಂತಾನ ತನ್ನ ಗುಮಟೆಯನ್ನು ತೊಡೆಯ ಮೇಲೆ ಇಟ್ಟುಕೊಂಡು ತಯಾರಾಗಿದ್ದ. ರೊಜಾರಿಯೊನನ್ನು ಕಂಡದ್ದೇ ಗಂಡಿನ ಕಡೆಯವರ ಗುಂಪಿನಿಂದ ಒಂದು ಕೂಗು ಎದ್ದಿತು:

"ಮ್ಯಾ…ಯಾ…ಯಾ!"

ನಾಕಾದ ವಿಡಿಯೋ ಸೈಕಲ್ಲಿಗಿಂತ ಮೊದಲು ಊರು ಮುಟ್ಟಿತ್ತು.

"ಬಂತು ನೋಡ್ರಿ, ಆಡು ಬಂತು," ಎಂದ ಸಾಂತಾನ. "ಹುಲ್ಲ್ ಹಾಕ್ರಿ ಮೊದಲ. ಅಲ್ಲೋ ರೊಜಾರಿಯೊ, ಇಷ್ಟ್ ವರ್ಷ ನಮ್ಮ ಮುಂದ ಉಡ ಉಡ ಅಂದ್ಯಲ್ಲೋ!"

ರೊಜಾರಿಯೊಗೆ ಅದು ಕೇಳಿಸಲೇ ಇಲ್ಲ. ಇಷ್ಟು ವರ್ಷ ಯಾವ ಹಾಡಿಗೆ ಹೆದರಿದ್ದನೋ ಆ ಹಾಡು ಕಿವಿಯ ಪಕ್ಕದಲ್ಲೇ ಹಾದು ಹೋಯಿತು. ಕಾತರಿನಾ ಬಟ್ಟಲು ಇಟ್ಟು ಓಡಿ ಬಂದಳು. ಅವನ ಗದ್ದದ ರಕ್ತ ನೋಡಿದಳು, ಅಂಗೈ ನೋಡಿದಳು.

"ಬಿದ್ದೇನು ದಾದಾ?"

"ಹೂಂ."

"ಗುಮಟಿ?"

"ಗೊತ್ತಿಲ್ಲ."

"ಬಡದ ನೋಡಿಲ್ಲೇನು?"

"ಧೈರ್ಯ ಆಗಲಿಲ್ಲ ಕಾತ್ರಿ. ನೀನ ನೋಡು."

ಅವನು ಅವಳಿಗೆ ಬೆನ್ನು ತಿರುಗಿಸಿ, ಏಟಿಗೆ ಕಾಯುವವನ ಹಾಗೆ ತಲೆ ತಗ್ಗಿಸಿ ನಿಂತ. ಮ್ಯಾ ಅಂದವರೂ ಎದ್ದು ಹತ್ತಿರ ಬಂದರು. ಮನೆಯ ಗುಮಟೆ ಒಡೆಯುವುದು ಎಂಥದೆಂದು ಅವರಿಗೂ ಗೊತ್ತು. ಕಾತರಿನಾ ಬೆರಳನ್ನು ಮಡಿಸಿ, ಗೆಣ್ಣಿನಿಂದ ಗಡಿಗೆಯ ಹೊಟ್ಟೆಗೆ ಒಂದೇ ಒಂದು ಪೆಟ್ಟು ಕೊಟ್ಟಳು.

ಠಣ್.

ರೊಜಾರಿಯೊ ಕೂತುಬಿಟ್ಟ. ನಿಂತಲ್ಲೇ, ಮಣ್ಣಿನಲ್ಲಿ. ಟ್ಯೂಬು ಬಿಚ್ಚಿದ್ದು ಹೆಂಡತಿ. ಕೌದಿಯ ಅಂಚಿನಲ್ಲಿ ಕಲ್ಲು ಬಡಿದ ಬಿಳಿ ಗುರುತಿತ್ತು.

ಚರ್ಮ ಪೂರ್ತಿ ಒಣಗಿರಲಿಲ್ಲ. ಅವನು ಬಡಿದಾಗ ದನ ದೂರದಲ್ಲಿ ಗುಟುರು ಹಾಕಿದಂತೆ ತಗ್ಗಿನ ದನಿ ಬಂತು. ಎಡಗೈ ಸಣ್ಣ ಬಾಯಿಯನ್ನು ಮುಚ್ಚಿ ತೆರೆದು ಅದನ್ನು ಹೇಗೋ ಮೇಲೆತ್ತಿತು. ಅಂಗೈಯ ರಕ್ತ ಚರ್ಮಕ್ಕೆ ಅಂಟಿತು. ಆ ದನಿಯ ಮೇಲೆ ಹಾಲಿನ ಮೊದಲ ಹನಿ ಹುಡುಗಿಯ ನೆತ್ತಿಗೆ ಬಿತ್ತು. ಆಮೇಲೆ ಸಾಂತಾನನ ಸರದಿ. ಅವನು ಗುಮಟೆ ಎತ್ತಿಕೊಂಡದ್ದೇ ಯಾರೋ ಒಬ್ಬ ಫೋನ್ ಹಿಡಿದು ಕೇಳಿದ: "ಕಾಕಾ, ನಿಮ್ಮದು ಯಾವ ಚರ್ಮ ರೀ?"

ನಲವತ್ತು ವರ್ಷ ಉಡ ಎಂದು ಮೀಸೆ ತಿರುವಿದ ಸಾಂತಾನ ಕ್ಯಾಮೆರಾ ನೋಡಿ ಬಿಳುಚಿಕೊಂಡ. "ಆಡು!" ಎಂದ. "ಆಡು, ಆಡು! ಬರಕೋ ಬೇಕಾದ್ರ!" ಹೆಂಗಸರು ಬಿದ್ದು ಬಿದ್ದು ನಕ್ಕರು. ಅವನು ಹೇಳಿದ್ದು ನಿಜವೋ ಸುಳ್ಳೋ ಯಾರೂ ಕೇಳಲಿಲ್ಲ. ಗಡಿಗೆ ಬಡಿಯುವವರೆಲ್ಲ ಪರದೆಯ ಮುಂದೆ ಬೆವರುವ ಕಾಲ ಬಂದಿದೆ. ಕಾಡಿನ ನಡುವೆ ಕಾಂಕ್ರೀಟ್ ಸುರಿದು ಈಜುಕೊಳ ಕಟ್ಟಿದವರಿಂದ ಯಾವ ನಾಕಾದಲ್ಲೂ ಗಂಟು ಬಿಚ್ಚಿಸುವುದಿಲ್ಲ.

ಮದುವೆಯ ಮಾರನೆಯ ದಿನ ರೊಜಾರಿಯೊ ಸೈಕಲ್ಲನ್ನು ಹೊರಗೆ ತಂದ. ಗುಮಟೆಯನ್ನು ಕೌದಿಯಲ್ಲಿ ಸುತ್ತಿದ. ಕ್ಯಾರಿಯರಿನ ಮೇಲೆ ಇಟ್ಟ. ಇಟ್ಟು ರಸ್ತೆಯ ಕಡೆ ನೋಡಿದ. ಅದೇ ರಸ್ತೆ, ಅದೇ ಕಬ್ಬು, ಅದೇ ಬಿದಿರು. ಮತ್ತೆ ಬಿಚ್ಚಿ, ಗುಮಟೆಯನ್ನು ಒಳಗೆ ಒಯ್ದು ತಂಗಿಯ ಅಟ್ಟದ ಮೇಲೆ, ಹೊಗೆ ತಾಗದ ಮೂಲೆಯಲ್ಲಿ ಬೋರಲು ಹಾಕಿದ.

"ಯಾಕ ದಾದಾ? ಅಪ್ಪಂದು ಅದು. ಆ ಮನ್ಯಾಗ ಇರಬೇಕು."

"ಒಮ್ಮೆ ತಂದೆ. ಇನ್ನೊಮ್ಮೆ ನನ್ನಿಂದ ಆಗಂಗಿಲ್ಲ," ಎಂದ. ನೀರು ಏರಿದಾಗ ಅಪ್ಪ ಬಿಡದೆ ಹೊತ್ತು ತಂದದ್ದನ್ನು ಮಗ ನೀರಿಲ್ಲದ ರಸ್ತೆಗೆ ಹೆದರಿ ಬಿಟ್ಟು ಬಂದ.

ನಾಕಾದಲ್ಲಿ ರುದ್ರೇಶ ದೂರದಿಂದಲೇ ಗುರುತು ಹಿಡಿದ. "ಏನೋ ಮುದುಕಾ, ಎಲ್ಲಿ ನಿನ್ನ ಆಡು?"

"ಮೇಯಾಕ ಬಿಟ್ಟ ಬಂದೇನ್ರಿ ಸಾಹೇಬ್ರ."

ರುದ್ರೇಶ ನಕ್ಕ. ನಗುತ್ತಲೇ ಕೋಲಿನಿಂದ ಕ್ಯಾರಿಯರನ್ನು ಮುಟ್ಟಿ ತೋರಿಸಿದ. "ಕೌದಿ ಬಿಚ್ಚು."

ರೊಜಾರಿಯೊ ಬಿಚ್ಚಿದ. ಎರಡೂ ಕೈಯಿಂದ ಅಗಲಿಸಿ, ಬಿಸಿಲಿಗೆ ಹಿಡಿದು ತೋರಿಸಿದ. ಒಳಗೆ ಏನೂ ಇರಲಿಲ್ಲ. ಆದರೂ ಅವನ ಕೈ ನಡುಗುತ್ತಿತ್ತು, ಮತ್ತು ಅವತ್ತು ಚಳಿ ಇರಲಿಲ್ಲ.